ಷರಾ ಕಾಲಮಿನಲ್ಲಿ ಬರೆದದ್ದು

ಸಿಂದಗಿ
9 ನವೆಂಬರ್ 2025, ರವಿವಾರ

ಸಿಟ್ಟಿನ ಭಾಗ್ಯಾ,

ನಿನ್ನ ಬುಶ್ರಾ ಮಾಡುವ ಸಲಾಮು. 'ಪ್ರೀತಿಯ ಭಾಗ್ಯಾ' ಎಂದು ಶುರುಮಾಡಿದರೆ ಕವರು ಒಡೆದ ಕೂಡಲೇ ಹರಿದು ಎಸೆಯುತ್ತೀ ಎಂದು ಹೆದರಿ ಹಾಗೆ ಬರೆದಿಲ್ಲ. ಪ್ರೀತಿ ಇದ್ದಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ. ನಾಲ್ಕು ತಿಂಗಳಾಯಿತು, ನೀನು ನನ್ನ ಫೋನು ಎತ್ತುತ್ತಿಲ್ಲ. ವಾಟ್ಸ್ಯಾಪಿನಲ್ಲಿ ಬ್ಲಾಕ್ ಮಾಡಿ ಕೂತಿದ್ದೀ. ಮುದ್ದೇಬಿಹಾಳದ ಪೋಸ್ಟ್‌ಮನ್ನನನ್ನು ಬ್ಲಾಕ್ ಮಾಡಲಿಕ್ಕೆ ನಿನ್ನಿಂದಲೂ ಆಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಇಪ್ಪತ್ತು ವರ್ಷದ ಮೇಲೆ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಸಾಲಿಯ ಟೀಚರು ನೀನು, ಕೆಂಪು ಪೆನ್ನು ಹಿಡಿದುಕೊಂಡೇ ಓದುತ್ತೀ ಎಂದು ಗೊತ್ತು.

ಒಂದೇ ಬೇಡಿಕೆ. ಕೊನೆಯ ಸಾಲಿನವರೆಗೆ ಓದು. ಆಮೇಲೆ ಬೇಕಾದ್ದು ಮಾಡು.

ಜುಲೈ ಹದಿನೆಂಟರಂದು ನೀನು ಹಳೆಯ ಅಂಕಪಟ್ಟಿಯ ನಕಲು ಬೇಕೆಂದು ಕಾಲೇಜಿಗೆ ಬಂದಿದ್ದೆ. ಜೊತೆಗೆ ನಿಮ್ಮಪ್ಪ, ನಮ್ಮ ಖಂಡೆಪ್ಪ ಕಾಕಾನೂ ಇದ್ದರು. ಆಫೀಸಿನ ಕೆಲಸ ಬೇಗ ಮುಗಿದು ಇಬ್ಬರೂ ನನ್ನ ಲೈಬ್ರರಿಗೆ ಬಂದಿರಿ. ನನಗಂತೂ ಹಿಗ್ಗು. ನೋಡು ಭಾಗ್ಯಾ, ಈಗ ಕಾರ್ಡಿನ ಪೆಟ್ಟಿಗೆ ತಡಕಾಡುವ ಕಾಲ ಹೋಯಿತು, ಇಪ್ಪತ್ತೆಂಟು ಸಾವಿರ ಪುಸ್ತಕ ಈ ಕಂಪ್ಯೂಟರಿನಲ್ಲಿವೆ, ಯಾವುದು ಬೇಕು ಕೇಳು, ಎರಡು ಸೆಕೆಂಡಿನಲ್ಲಿ ಯಾವ ಕಪಾಟು ಯಾವ ಸಾಲು ಹೇಳುತ್ತೇನೆ ಎಂದು ದೊಡ್ಡಸ್ತಿಕೆ ಮಾಡಿದೆ. ನೀನು ನಕ್ಕು, "ಹಂಗಾರ ನಮ್ಮವ್ವನ ಪುಸ್ತಕ ತೆಗಿಯಲೇ, ಒಂದ್ಸಲ ಮುಟ್ಟಿ ಹೋಗ್ತೇನಿ" ಅಂದೆ. ಕಾಕಾ ತಕ್ಷಣ, "ಬ್ಯಾಡ ಬಿಡವಾ, ಬಸ್ಸಿಗೆ ಹೊತ್ತಾಗ್ತೈತಿ" ಅಂದರು. ನೀನು ಕೇಳುವವಳೇ!

ನಾನು 'ಬಾಳಮ್ಮ' ಎಂದು ಟೈಪು ಮಾಡಿದೆ. ಏನೂ ಬರಲಿಲ್ಲ. 'ಕನ್ನಡ ನಿಘಂಟು' ಎಂದು ಹಾಕಿದೆ. ಬಂತು, ಒಂದೇ ಒಂದು ಪ್ರತಿ. ಅದರ ಮುಂದೆ ಯಾರ ಹೆಸರೂ ಇರಲಿಲ್ಲ. ಉಳಿದವು ಎಲ್ಲಿ ಎಂದು ನೀನು ಕೇಳಿದೆ. ರದ್ದಿಗೆ ಹೋದವು ಎಂದೆ. ಯಾರು ಕೊಟ್ಟವರು ಎಂದು ಕೇಳಿದೆ. ಲೈಬ್ರರಿ ಕಮಿಟಿಯವರು ಎಂದೆ.

ಅದು ಸುಳ್ಳು. ಅದನ್ನೇ ಮೊದಲು ತೊಳೆದುಕೊಳ್ಳುತ್ತೇನೆ. ಕಮಿಟಿಯವರು ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿದರು, ಅಷ್ಟೇ. ಪಟ್ಟಿ ತಯಾರು ಮಾಡಿದವಳು ನಾನು, ಮೊದಲ ಸಹಿ ನನ್ನದು, ರದ್ದಿಯವನಿಗೆ ಫೋನು ಹಚ್ಚಿದವಳೂ ನಾನೇ.

ಹೇಗಾಯಿತು ಎಂದು ನಿನಗೆ ಗೊತ್ತಾಗಬೇಕಾದರೆ ಬಾಬುಲಾಲ ಸರ್ ಅವರಿಂದ ಶುರುಮಾಡಬೇಕು. ನಾವು ಬಿ.ಎ. ಓದುವಾಗ ಅವರೇ ಗ್ರಂಥಪಾಲಕರು, ನೆನಪಿದೆಯಲ್ಲ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಅವರು ಬರುವ ಮೊದಲು ಊರಲ್ಲಿ ಯಾರು ತೀರಿಕೊಂಡರೂ ಮನೆಯವರು ಕಾಲೇಜಿಗೆ ಒಂದು ಗೋಡೆ ಗಡಿಯಾರ ಕೊಡುತ್ತಿದ್ದರು. ಅದರ ಗಾಜಿನ ಮೇಲೆ ಇಂಥವರ ಸ್ಮರಣಾರ್ಥ ಎಂದು ಹೆಸರು. ಒಂದು ಕಾಲಕ್ಕೆ ಹದಿನೇಳು ಗಡಿಯಾರ ಇದ್ದವಂತೆ, ಹದಿನೇಳೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವಂತೆ. ಸರ್ ಕೈಮುಗಿದು, ಗಡಿಯಾರ ಸಾಕ್ರಪ್ಪಾ, ಹಳ್ಳಿಯಿಂದ ಬರುವ ಹುಡುಗರ ಹತ್ತಿರ ಒಂದು ನಿಘಂಟು ಇಲ್ಲ, ಅದನ್ನು ಕೊಡಿರಿ ಎಂದು ಹೇಳಿದರು. ಬಜಾರದ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಒಂದೇ, ಆ ಕೆಂಪು ರಟ್ಟಿನ ನಿಘಂಟು. ನಿಮ್ಮವರು ನಮ್ಮವರು ಎನ್ನದೆ ಎಲ್ಲರೂ ಅದನ್ನೇ ಕೊಟ್ಟರು. ಮೊದಲ ಪುಟದಲ್ಲಿ ಸರ್ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಸತ್ತವರ ಹೆಸರು ಬರೆಯುತ್ತಿದ್ದರು. ದಾಖಲೆ ರಜಿಸ್ಟರಿನ ಕೊನೆಯ ಷರಾ ಕಾಲಮಿನಲ್ಲೂ ಆ ಹೆಸರೇ. ಇಷ್ಟು ಸಾಲದು ಎಂದು ಸತ್ತವರ ಹೆಸರಿನಲ್ಲೇ ಲೈಬ್ರರಿಯ ಒಂದು ಕಾರ್ಡು ಮಾಡಿ ಮನೆಯವರ ಕೈಗೆ ಕೊಡುತ್ತಿದ್ದರು. ಸತ್ತವರು ಓದಲಿಕ್ಕೆ ಬರುತ್ತಾರೇನು ಎಂದು ಆಗಿನ ಪ್ರಾಚಾರ್ಯರು ನಗಾಡಿದ್ದಕ್ಕೆ, "ಬಂದ್ರ ಬ್ಯಾಡ ಅನ್ನಾಕ ಆಗೂದಿಲ್ರಿ ಸರ್, ಕಾರ್ಡು ಇರ್ಲಿ" ಅಂದಿದ್ದರಂತೆ.

ಹೀಗೆ ನೂರಾ ಎಂಬತ್ತಾರು ನಿಘಂಟು ಸೇರಿದವು. 2003ರಲ್ಲಿ ಬಾಳಮ್ಮವ್ವ ಹೋದಾಗ ನೀನೂ ಕಾಕಾನೂ ಕೊಟ್ಟಿರಿ. ಅವತ್ತು ಕೌಂಟರಿನ ಹತ್ತಿರ ನಿನ್ನ ಕೈ ಹಿಡಿದುಕೊಂಡು ನಿಂತವಳು ನಾನೇ.

2012ರಲ್ಲಿ ಸರ್ ಅವರ ಕುರ್ಚಿಗೆ ನಾನು ಬಂದೆ. ಅಲ್ಲಿಂದ ನನಗೆ ಒಂದೇ ಹುಚ್ಚು, ಈ ಲೈಬ್ರರಿಯನ್ನು ಕಂಪ್ಯೂಟರಿಗೆ ತರಬೇಕು. ಹನ್ನೆರಡು ವರ್ಷ ಅರ್ಜಿ ಕೊಟ್ಟೆ. ಕೊನೆಗೆ ಈ ವರ್ಷ ಫೆಬ್ರವರಿಯಲ್ಲಿ ಮೌಲ್ಯಮಾಪನ ತಂಡ ಬರುತ್ತದೆ ಎಂದು ಗೊತ್ತಾದ ಮೇಲೆ ಒಪ್ಪಿದರು, ಅದೂ ಆರು ವಾರದ ಗಡುವು ಕೊಟ್ಟು. ನಾನು ಮತ್ತು ನಮ್ಮ ಸಿಪಾಯಿ ಭೀಮಶ್ಯಾ, ಇಬ್ಬರೇ. ಹೊಸ ಪುಸ್ತಕಗಳೇನೋ ಸಲೀಸು. ಹಿಂದಿನ ರಟ್ಟಿನ ಗೆರೆಗಳಿಗೆ ಸ್ಕ್ಯಾನರ್ ಗನ್ನು ಹಿಡಿದರೆ ಸಾಕು, ಸಾಫ್ಟ್‌ವೇರು ಬೇರೆ ಬೇರೆ ಲೈಬ್ರರಿಗಳಿಂದ ಹೆಸರು, ಲೇಖಕರು, ವಿಷಯ ಎಲ್ಲ ತಾನೇ ಎಳೆದು ತರುತ್ತದೆ. ಮೊದಲ ದಿನ ಅದನ್ನು ನೋಡಿ ನಾನು ಚಪ್ಪಾಳೆ ತಟ್ಟಿದೆ, ಖರೇ ಹೇಳುತ್ತೇನೆ. ಕಾರ್ಡಿಗೆ ಕಾಲು ತಾಸು ಹಿಡಿಯುತ್ತಿದ್ದ ಕೆಲಸ ಅರ್ಧ ನಿಮಿಷಕ್ಕೆ ಬಂತು.

ಹಳೆಯವಕ್ಕೆ ಆ ಗೆರೆಗಳಿಲ್ಲ. ರಜಿಸ್ಟರು ನೋಡಿ ಟೈಪು ಮಾಡಬೇಕು. ಒಂಬತ್ತು ಕಾಲಂ. ಕೊನೆಯದು ಷರಾ. ಅದರಲ್ಲಿ ಒಮ್ಮೆ ರಟ್ಟು ಹರಿದಿದೆ ಎಂದು, ಒಮ್ಮೆ ಯಾರದೋ ಹೆಸರು, ಒಮ್ಮೆ ಏನೂ ಇಲ್ಲ. ಟೈಪು ಮಾಡಿದರೆ ಹತ್ತು ದಿನ ಹೆಚ್ಚು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ನಾನು ಆ ಕಾಲಂ ಬಿಟ್ಟುಬಿಟ್ಟೆ. ಎಂಟೇ ಕಾಲಂ ತುಂಬಿದೆ. ತಪ್ಪು ಅಲ್ಲಿ ಆಯಿತು ಭಾಗ್ಯಾ. ಕಂಪ್ಯೂಟರು ನಿಮ್ಮವ್ವನ ಹೆಸರನ್ನು ಅಳಿಸಲಿಲ್ಲ. ನಾನು ಅದಕ್ಕೆ ಹೇಳಲೇ ಇಲ್ಲ.

ಹೆಸರಿಲ್ಲದ ನೂರಾ ಎಂಬತ್ತಾರು ಕೆಂಪು ನಿಘಂಟು ಅದರ ಕಣ್ಣಿಗೆ ಒಂದೇ ಪುಸ್ತಕದ ನಕಲುಗಳಾಗಿ ಕಂಡವು. ಎಲ್ಲವನ್ನೂ ಒಂದರಲ್ಲಿ ಸೇರಿಸಲೇ ಎಂದು ಕೇಳಿತು, ಹೂಂ ಎಂದು ಒತ್ತಿದೆ. ಹತ್ತು ವರ್ಷದಿಂದ ಯಾರೂ ಒಯ್ಯದ ಹೆಚ್ಚುವರಿ ಪ್ರತಿಗಳ ಪಟ್ಟಿ ಕೊಡು ಎಂದೆ, ನೂರಾ ಎಂಬತ್ತೈದು ನಂಬರು ಕೊಟ್ಟಿತು. ಈಗಿನ ಹುಡುಗರಿಗೆ ಫೋನಿನಲ್ಲೇ ನಿಘಂಟು ಇದೆ, ನಾಲ್ಕು ಕಪಾಟು ಖಾಲಿಯಾದರೆ ತಂಡದವರ ಮುಂದೆ ಜಾಗ ಚೆಂದ ಕಾಣುತ್ತದೆ ಎಂದುಕೊಂಡೆ. ಪಟ್ಟಿ ಹಿಡಿದು ಒಂದೊಂದನ್ನು ಸರಿನೋಡಲೂ ಇಲ್ಲ. ಒಂದನ್ನು ಉಳಿಸಿಕೊಂಡು, ಕಪಾಟಿನಲ್ಲಿದ್ದ ಉಳಿದ ಕೆಂಪು ರಟ್ಟಿನವನ್ನೆಲ್ಲ ಹಗ್ಗ ಕಟ್ಟಿ ಹೊರಗೆ ಹಾಕಿಸಿದೆ.

ಭೀಮಶ್ಯಾ ಗಂಟು ಕಟ್ಟುತ್ತಾ ಕಟ್ಟುತ್ತಾ ನಿಂತುಬಿಟ್ಟ. "ಬಾಯಾರ, ಇವು ಪುಸ್ತಕ ಅಲ್ರಿ, ಮಂದಿ ಅದಾರ್ರಿ ಇದರಾಗ" ಅಂದ. ನನಗೆ ಗಡುವಿನ ತಲೆಬಿಸಿ. ನಿನಗೇನು ತಿಳಿಯುತ್ತದೆ, ಸುಮ್ಮನೆ ಕಟ್ಟು ಎಂದು ಗದರಿದೆ. ಇಪ್ಪತ್ತು ವರ್ಷದಿಂದ ನೀನು ನನಗೆ ಮೂಗಿನ ತುದಿಯಲ್ಲಿ ಸಿಟ್ಟಿನವಳು ಎನ್ನುತ್ತೀಯಲ್ಲ, ಹೌದು, ಅವತ್ತು ಆ ಮೂಗು ಹಿಡಿದು ಯಾರಾದರೂ ನಿಲ್ಲಿಸಬೇಕಿತ್ತು.

ಜುಲೈ ಹದಿನೆಂಟಕ್ಕೆ ಮತ್ತೆ ಬರುತ್ತೇನೆ. ಓದುವ ಮಕ್ಕಳೆಲ್ಲ ತಲೆ ಎತ್ತಿ ನೋಡುವ ಹಾಗೆ ನೀನು ಕೂಗಿದೆ. "ನಿಮ್ಮಪ್ಪನ ಹೆಸರಿನ ಪುಸ್ತಕ ಆಗಿದ್ರ ಹಿಂಗ ರದ್ದಿಗೆ ಹಾಕ್ತಿದ್ದೇನು?" ಎಂದು ಕೇಳಿದೆ. ನಾನು ಬಾಯಿ ಬಿಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಆ ಗಂಟಿನಲ್ಲಿ ನಮ್ಮ ಅಬ್ಬಾನ ಹೆಸರಿನದೂ ಇತ್ತು. ಜೈನುದ್ದೀನ ಮಾಸ್ತರರ ಸ್ಮರಣಾರ್ಥ, ನಂಬರು 9630. ನೀನು ಕೇಳುವವರೆಗೂ ಅದು ನನ್ನ ನೆನಪಿಗೇ ಬಂದಿರಲಿಲ್ಲ! ಸ್ವಂತ ಅಪ್ಪನನ್ನೇ ರದ್ದಿಗೆ ಹಾಕಿದವಳು ಎಂದು ಆ ಕೌಂಟರಿನಲ್ಲಿ ಹೇಗೆ ಹೇಳಲಿ? ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ, ಪಾಪ ಅನ್ನಿಸಿಕೊಂಡ ಹಾಗಾಗುತ್ತದೆ. ಅದಕ್ಕೇ ತುಟಿ ಕಚ್ಚಿ ನಿಂತೆ. ನೀನು ಅದನ್ನು ಸೊಕ್ಕು ಎಂದುಕೊಂಡೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ.

ಕಾಕಾ ಮಾತ್ರ ಪೇಪರು ಓದುವ ಬೆಂಚಿನ ಮೇಲೆ ಕೂತು ಟೊಪ್ಪಿಗೆ ಕೈಯಲ್ಲಿ ತಿರುವುತ್ತಿದ್ದರು. ನೀನು ಬೈಯುವಷ್ಟು ಹೊತ್ತೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಎದ್ದು ಹೋಗುವಾಗ ಭೀಮಶ್ಯಾನ ಹತ್ತಿರ ಮೆಲ್ಲಗೆ, "ತಮ್ಮಾ, ಈ ಕಂಪ್ಯೂಟ್ರು ಬಂದಮ್ಯಾಲೆ ಹಳೇ ಕಾರ್ಡು ನಡಿತಾವೇನು?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ನೀವು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟು ಹೊತ್ತು ಅಳುವುದು? ಅತ್ತರೆ ಪುಸ್ತಕ ವಾಪಸು ಬರುತ್ತವೇನು? ಮರುದಿನ ಪ್ರಾಚಾರ್ಯರಿಗೆ ಬರೆದುಕೊಟ್ಟೆ: ತಪ್ಪು ಪಟ್ಟಿ ಮಾಡಿದವಳು ನಾನು, ಕಮಿಟಿಯವರದೇನೂ ಇಲ್ಲ, ನೂರಾ ಎಂಬತ್ತೈದನ್ನೂ ತಿರುಗಿ ತರುತ್ತೇನೆ. ಅವರು ಓದಿ, "ಯಾರೂ ಕೇಳಾಕತ್ತಿಲ್ಲ, ನೀವ್ಯಾಕ ಮ್ಯಾಲೆ ಹಾಕ್ಕೊಂತೀರಿ?" ಅಂದರು. ಒಬ್ಬರು ಕೇಳಿದ್ದಾರೆ ಸರ್, ಇನ್ನು ನೂರಾ ಎಂಬತ್ತನಾಲ್ಕು ಮನೆಯವರು ಕೇಳುವ ಮೊದಲು ನಾನು ಎದ್ದು ನಿಲ್ಲಬೇಕು ಎಂದೆ. ನೋಟಿಸು ಬಂತು. ಉತ್ತರ ಕೊಟ್ಟೆ. ಮುಂದಿನದು ಏನಾಗುತ್ತದೋ ಆಗಲಿ.

ಸಿಂದಗಿಯ ರದ್ದಿ ಅಂಗಡಿಯ ಜುಲ್ಫಿಕರನನ್ನು ಹಿಡಿದೆ. ಗಟ್ಟಿ ರಟ್ಟಿನ ಪುಸ್ತಕ ಅವನು ಹರಿಯುವುದಿಲ್ಲವಂತೆ, ಮುಂದೆ ಕೊಟ್ಟುಬಿಡುತ್ತಾನಂತೆ. ಯಾರಿಗೆ ಕೊಟ್ಟೆ ಎಂದರೆ ತಲೆ ಕೆರೆದುಕೊಂಡ. ದಿನಾ ಸಂಜೆ ಹೋಗಿ ಅವನ ತಕ್ಕಡಿಯ ಮುಂದೆ ನಿಂತೆ. ಐದನೆಯ ದಿನ ಬೇಸತ್ತು, "ಆಪಾ, ನೀವು ನನ್ನ ಜೀವಾ ತಿಂತೀರಿ" ಎಂದು ನಾಲ್ಕು ಊರಿನ ಹೆಸರು ಹೇಳಿದ: ಇಂಡಿ, ಬಸವನ ಬಾಗೇವಾಡಿ, ನಿಡಗುಂದಿ, ದೇವರ ಹಿಪ್ಪರಗಿ. ಅಂದಿನಿಂದ ಒಂದು ರವಿವಾರವೂ ಮನೆಯಲ್ಲಿ ಕೂತಿಲ್ಲ. ಭೀಮಶ್ಯಾ ಜೊತೆಗೆ ಬರುತ್ತಾನೆ. ಬಸ್ಸಿನಲ್ಲಿ ಕೂತ ಮೊದಲ ದಿನವೇ ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತಾ, "ಇರ್ಲಿ ತಗೋರಿ, ಮೊದ್ಲ ಚೀಲ ಹಿಡೀರಿ, ಬೀಳ್ತೈತಿ" ಅಂದ.

ಇಂಡಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹಳೆ ಪುಸ್ತಕ ಮಾರುವವನ ಬಳಿ ತೊಂಬತ್ತಾರು ಗಂಟು ಗಂಟಾಗಿಯೇ ಸಿಕ್ಕವು. ನಾವು ಕಟ್ಟಿದ ಹಗ್ಗ ಕೂಡ ಬಿಚ್ಚಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಒಂದೊಂದರ ಮೊದಲ ಪುಟ ತೆರೆದು ಹೆಸರು ಓದಿದೆ, ಭೀಮಶ್ಯಾ ಬರೆದುಕೊಂಡ. ಎಪ್ಪತ್ತೊಂದನೆಯದು ಅಬ್ಬಾನದು. ಅವತ್ತು ಅಲ್ಲಿ ಅಳಲಿಲ್ಲ, ಮುಂದಿನದನ್ನು ತೆರೆದೆ. ಯಾಕೆಂದರೆ ನನಗೆ ಬೇಕಾದದ್ದು ನಿಮ್ಮವ್ವನದು, ಅದು ಇನ್ನೂ ಬಂದಿರಲಿಲ್ಲ. ತೊಂಬತ್ತಾರೂ ಮುಗಿದವು, ಬರಲಿಲ್ಲ.

ಬಾಗೇವಾಡಿಯಲ್ಲಿ ಸಿದ್ದೀಕಾ ಎಂಬ ಟೀಚರು ಮನೆಯಲ್ಲೇ ಟ್ಯೂಷನ್ ನಡೆಸುತ್ತಾರೆ. ಮೂವತ್ತೇಳು ನಿಘಂಟು ಅವರ ಹುಡುಗರ ಕೈಯಲ್ಲಿದ್ದವು. ನಾನು ಬಂದ ಕೆಲಸ ಹೇಳಿದೆ. ಅವರು ಸೊಂಟಕ್ಕೆ ಕೈಯಿಟ್ಟು, "ನಿಮ್ಮಲ್ಲಿ ಇಪ್ಪತ್ತು ವರ್ಷ ಧೂಳು ತಿಂದಾವ, ಇಲ್ಲಿ ಹುಡುಗರು ದಿನಾ ತೆಗೆದು ನೋಡ್ತಾರ. ಕಸಗೊಂಡು ಹೋಗಾಕ ಬಂದೀರೇನ್ರಿ?" ಎಂದು ಕೇಳಿದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು, ಮಾತು ನಿಜವಲ್ಲ ಎನ್ನುವ ಹಾಗೂ ಇರಲಿಲ್ಲ. ಎಲ್ಲವೂ ಒಂದೇ ಥರದವು, ಅದಲು ಬದಲಾಗಬಾರದೆಂದು ಆ ಮಕ್ಕಳು ಮೊದಲ ಪುಟದ ಹೆಸರಿನ ಮೇಲೆ ಗುರುತು ಇಟ್ಟುಕೊಂಡಿದ್ದರು. ಒಬ್ಬಳು ಇನ್ನೊಬ್ಬಳಿಗೆ, "ನನ್ನ ಗುರುಬಸವ್ವನ್ನ ಕೊಡ, ನಿನ್ನ ಸಗೀರಾನ್ನ ನೀ ತಗೋ" ಅನ್ನುತ್ತಿದ್ದಳು. ಬಾಬುಲಾಲ ಸರ್ ಇದ್ದಿದ್ದರೆ ಆ ಮಾತು ಕೇಳಿ ಕುಣಿಯುತ್ತಿದ್ದರು. ಮುಂದಿನ ರವಿವಾರ ಮೂವತ್ತೇಳು ಹೊಸ ನಿಘಂಟು ಹೊತ್ತುಕೊಂಡು ಹೋದೆ. ಹಳೆಯದರಲ್ಲಿದ್ದ ಹೆಸರನ್ನು ಹೊಸದರ ಮೊದಲ ಪುಟದಲ್ಲೂ ಮಕ್ಕಳ ಕೈಯಿಂದಲೇ ಬರೆಸಿ, ಹಳೆಯವನ್ನು ತಂದೆ. ಆ ಹುಡುಗಿಯ ಗುರುಬಸವ್ವ ಈಗ ಎರಡು ಊರಲ್ಲಿದ್ದಾಳೆ.

ನಿಡಗುಂದಿಯಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಇಪ್ಪತ್ತೈದು ಸಿಕ್ಕವು. ಕೊನೆಗೆ ದೇವರ ಹಿಪ್ಪರಗಿ. ಅಲ್ಲಿ ಸಂತೆಯಲ್ಲಿ ಚುರುಮುರಿ ಮಾರುವ ಶೇವಂತೆವ್ವ ಹನ್ನೊಂದು ಪುಸ್ತಕ ಕೊಂಡು ಪುಟ ಹರಿದು ಪೊಟ್ಟಣ ಕಟ್ಟಿ ಮುಗಿಸಿಬಿಟ್ಟಿದ್ದಳು. ಆಕೆ ನನ್ನನ್ನೇ ನೋಡಿ, ಗಾಡಿಯ ಕೆಳಗಿನಿಂದ ಒಂದು ಬಿಸ್ಕಿಟಿನ ಡಬ್ಬಿ ಎಳೆದು ಮುಚ್ಚಳ ತೆರೆದಳು. ಒಳಗೆ ಹನ್ನೊಂದು ಪುಟ, ಒಂದೂ ಮಡಚಿರಲಿಲ್ಲ. ಹೆಸರು ಬರೆದ ಮೊದಲ ಪುಟಗಳು. ಯಾಕೆ ತೆಗೆದಿಟ್ಟೆ ಎಂದು ಕೇಳಿದೆ. "ನನಗ ಓದಾಕ ಬರೂದಿಲ್ಲವ್ವಾ. ಕೈಲೆ ಬರದದ್ದು ನೋಡಿ ಯಾರೋ ಸತ್ತವರ ಹೆಸರ ಇರಬೇಕು ಅನಿಸ್ತು. ಅದರ ಮ್ಯಾಲೆ ಚುರುಮುರಿ ಹೆಂಗ ಹಾಕಿ ಕೊಡ್ಲಿ?" ಅಂದಳು.

ಭಾಗ್ಯಾ, ಎರಡು ಡಿಗ್ರಿ ಓದಿದ ನನಗೆ ಹೊಳೆಯದ್ದು, ಓದಲು ಬಾರದ ಆಕೆಗೆ ಹೊಳೆದಿತ್ತು. ನನಗೆ ನಾಚಿಕೆಯಾಯಿತು. ಅಲ್ಲೇ ಆಕೆಯ ಸ್ಟೂಲಿನ ಮೇಲೆ ಕೂತು ಅತ್ತೆ. ಆಕೆ ಗಾಬರಿಯಾಗಿ ಕೈಗೆ ಒಂದು ಪ್ಲೇಟು ಚುರುಮುರಿ ಕೊಟ್ಟಳು, ದುಡ್ಡು ತಗೊಳ್ಳಲಿಲ್ಲ.

ಈಗ ಲೈಬ್ರರಿಯ ಸುದ್ದಿ. ಸಾಫ್ಟ್‌ವೇರಿನ ಮೇಲೆ ನನಗೆ ಸಿಟ್ಟು ಬಂದು ಮತ್ತೆ ಕಾರ್ಡಿನ ಪೆಟ್ಟಿಗೆಗೆ ಹೋಗಿರಬೇಕು ಎಂದು ನೀನು ಅಂದುಕೊಂಡಿದ್ದರೆ, ಇಲ್ಲ. ಅದರಲ್ಲಿ ಮೊದಲಿಂದಲೂ ಪ್ರತಿಯೊಂದು ಪ್ರತಿಗೆ ಬೇರೆ ಬೇರೆ ಟಿಪ್ಪಣಿ ಬರೆಯುವ ಜಾಗ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ. ಈಗ ಆ ಜಾಗಕ್ಕೆ 'ಷರಾ' ಎಂದೇ ಹೆಸರಿಟ್ಟಿದ್ದೇನೆ. ಪುಸ್ತಕ ಒಂದೇ, ಅದರ ಕೆಳಗೆ ನೂರಾ ಎಂಬತ್ತಾರು ಪ್ರತಿ, ನೂರಾ ಎಂಬತ್ತಾರು ಹೆಸರು. ಹೆಸರು ಹಾಕಿ ಹುಡುಕಿದರೂ ಸಿಗುತ್ತದೆ. ಬಾರ್‌ಕೋಡಿನ ಚೀಟಿಯನ್ನು ಮೊದಲ ಪುಟದಲ್ಲಿ ಹೆಸರಿನ ಮೇಲೆ ಅಂಟಿಸದೆ ಹಿಂದಿನ ರಟ್ಟಿಗೆ ಅಂಟಿಸುತ್ತೇವೆ. ಷರಾದಲ್ಲಿ ಒಂದು ಅಕ್ಷರ ಇದ್ದರೂ ಆ ಪುಸ್ತಕವನ್ನು ತೆಗೆದುಹಾಕುವ ಪಟ್ಟಿಗೆ ಸೇರಿಸಬಾರದು ಎಂದು ಕಟ್ಟು ಹಾಕಿದ್ದೇನೆ. ನಾಳೆ ನನ್ನ ಜಾಗಕ್ಕೆ ನನ್ನಂಥ ಮುಂಗೋಪಿ ಬಂದು ಒತ್ತಿದರೂ ಅದು ಒಪ್ಪುವುದಿಲ್ಲ. ಇಪ್ಪತ್ತೆಂಟು ಸಾವಿರದ ಷರಾ ಕಾಲಮನ್ನೂ ಮೊದಲಿಂದ ಟೈಪು ಮಾಡುತ್ತಿದ್ದೇನೆ. ಹತ್ತು ದಿನ ಉಳಿಸಲು ಹೋದವಳು ಮೂರು ತಿಂಗಳಿಂದ ಅದೇ ಕೆಲಸ ಮಾಡುತ್ತಿದ್ದೇನೆ, ಇನ್ನೆರಡು ತಿಂಗಳು ಬೇಕು. ಬಾಬುಲಾಲ ಸರ್ ಇಟ್ಟಿದ್ದ ಹಳೆಯ ವಿತರಣೆ ರಜಿಸ್ಟರುಗಳನ್ನೂ, ಅಂದರೆ ಯಾರು ಯಾವ ಪುಸ್ತಕ ಯಾವತ್ತು ಒಯ್ದರು ಎಂಬುದನ್ನೂ, ಗೆದ್ದಲು ತಿನ್ನುವ ಮೊದಲು ಒಳಗೆ ತರುತ್ತಿದ್ದೇನೆ.

ಲೆಕ್ಕ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿದ್ದವು ನೂರಾ ಎಂಬತ್ತೈದು. ಇಡಿಯಾಗಿ ವಾಪಸು ಬಂದವು ನೂರಾ ಐವತ್ತೆಂಟು. ಹೆಸರಿನ ಪುಟ ಮಾತ್ರ ಉಳಿದವು ಹನ್ನೊಂದು, ಅವಕ್ಕೆ ಹೊಸ ಪುಸ್ತಕ ತಂದು ಆ ಪುಟವನ್ನೇ ಹೊಲಿದು ರಟ್ಟು ಕಟ್ಟಿಸಿದ್ದೇನೆ. ಕಪಾಟಿಗೆ ಬಾರದವು ಹದಿನಾರು. ನಿಮ್ಮವ್ವನದು ಆ ಹದಿನಾರರಲ್ಲಿದೆ. ಯಾವ ರದ್ದಿ ಅಂಗಡಿಯಲ್ಲೂ, ಯಾವ ಗಂಟಿನಲ್ಲೂ, ಯಾವ ಡಬ್ಬಿಯಲ್ಲೂ ನನಗೆ ಅದು ಸಿಗಲಿಲ್ಲ.

ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಸಿಕ್ಕಿದ್ದರೆ ಪುಸ್ತಕ ಮುಂದೆ ಹಿಡಿದು ಕೇಳುತ್ತಿದ್ದೆ, ಈಗ ಬರಿಗೈಯಲ್ಲಿ ಕೇಳುತ್ತಿದ್ದೇನೆ. ನಾನು ನಿನಗೆ ಸುಳ್ಳು ಹೇಳಿದೆ, ಬಾಳಮ್ಮವ್ವನ ಹೆಸರನ್ನು ಕೆಲಸ ಉಳಿಸಲಿಕ್ಕೆ ಬಿಟ್ಟೆ. ಎರಡು ವರ್ಷ ನಿನ್ನ ಡಬ್ಬಿಯಲ್ಲಿ ನನಗೂ ಸೇರಿಸಿ ರೊಟ್ಟಿ ಕಟ್ಟಿದವಳು ಆಕೆ. "ಬುಶ್ರಾಗ ಶೇಂಗಾ ಹಿಂಡಿ ಹೆಚ್ಚಿಗಿ ಹಾಕೇನಿ, ನೀ ಮುಟ್ಟಬ್ಯಾಡ" ಎಂದು ನಿನಗೇ ತಾಕೀತು ಮಾಡುತ್ತಿದ್ದಳು. ಆಕೆಯ ಹೆಸರು ಬರೆಯಲಿಕ್ಕೆ ನನಗೆ ಪುರುಸೊತ್ತು ಸಿಗಲಿಲ್ಲ ನೋಡು.

ಡಿಸೆಂಬರ್ ಹದಿಮೂರು, ಶನಿವಾರ, ಮುಂಜಾನೆ ಹನ್ನೊಂದಕ್ಕೆ ಎಲ್ಲ ಮನೆಯವರನ್ನೂ ಲೈಬ್ರರಿಗೆ ಕರೆದಿದ್ದೇನೆ. ಹಾರ, ಶಾಲು, ಭಾಷಣ ಏನೂ ಇಲ್ಲ. ಒಬ್ಬೊಬ್ಬರೇ ಬಂದು ತಮ್ಮವರ ಹೆಸರನ್ನು ತಾವೇ ಟೈಪು ಮಾಡಿ ಹುಡುಕಬೇಕು. ನಾನು ಎಲ್ಲರ ಮುಂದೆ ನಿಂತು ನಡೆದದ್ದು ಹೇಳುತ್ತೇನೆ. ಪ್ರಾಚಾರ್ಯರು ಬೇಡ ಎಂದಿದ್ದಾರೆ, ಆದರೂ ಹೇಳುತ್ತೇನೆ. ಸಿಗದ ಪುಸ್ತಕಗಳ ಹೆಸರೂ ಪರದೆಯ ಮೇಲೆ ಬರುತ್ತವೆ, ಮುಂದೆ 'ಹುಡುಕಾಟ ನಡೆದಿದೆ' ಎಂದು ಬರೆದಿದೆ. ಅದು ಬರೀ ಬರೆದದ್ದಲ್ಲ, ಮುಂದಿನ ರವಿವಾರ ನಾಲತವಾಡಕ್ಕೆ ಹೊರಟಿದ್ದೇವೆ. ನೀನು ಬಾ. ಎಲ್ಲರ ಮುಂದೆ ಇನ್ನೊಮ್ಮೆ ಬೈಯಬೇಕೆನಿಸಿದರೆ ಬೈ, ಈ ಸಲ ಉತ್ತರ ಕೊಡುತ್ತೇನೆ. ಕಾಕಾನನ್ನೂ ಕರೆದುಕೊಂಡು ಬಾ. ಬಸ್ಸಿಗೆ ಹೊತ್ತಾಗದ ಹಾಗೆ ನಾನೇ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ.

ನಿನ್ನ ಡಬ್ಬಿಯ ಅರ್ಧ ಪಾಲಿನವಳು,
ಬುಶ್ರಾ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು. ಮೊದಲೇ ಬರೆದಿದ್ದರೆ ನನ್ನ ಕ್ಷಮೆ ಸುಳ್ಳಾಗುತ್ತಿತ್ತು, ನೀನೇ ನನ್ನ ಕ್ಷಮೆ ಕೇಳುವ ಹಾಗಾಗುತ್ತಿತ್ತು. ನನಗೆ ಅದು ಬೇಡ.

ಕಪಾಟಿಗೆ ಬಾರದವು ಹದಿನಾರು ಅಂದೆನಲ್ಲ, ಅದರಲ್ಲಿ ಕಳೆದುಹೋದವು ಹದಿನೈದೇ. ಹೋದ ಬುಧವಾರ ಹಳೆಯ ವಿತರಣೆ ರಜಿಸ್ಟರು ಟೈಪು ಮಾಡುವಾಗ 2003ರ ಆಗಸ್ಟಿನ ಪುಟ ಬಂತು. ಪುಸ್ತಕ: ಕನ್ನಡ ನಿಘಂಟು, ನಂಬರು 9214, ನಿಮ್ಮವ್ವನ ಹೆಸರಿನದೇ. ಒಯ್ದವರು: ಬಾಳಮ್ಮ ಖಂಡೆಪ್ಪ. ಸರ್ ಮಾಡಿಕೊಟ್ಟ ಆ ಕಾರ್ಡಿನ ಮೇಲೆ. ಸಹಿ ಮಾತ್ರ ಕಾಕಾನದು, ಪಕ್ಕದಲ್ಲಿ ಬೆರಳಿನ ಗ್ರೀಸಿನ ಕಲೆ. ಬಸ್ ಡಿಪೋದ ಕೆಲಸ ಮುಗಿಸಿ ಖಾಕಿಯಲ್ಲೇ ಬರುತ್ತಿದ್ದರು ಎಂದು ಕಾಣುತ್ತದೆ. ನೀವು ಪುಸ್ತಕ ಕೊಟ್ಟು ಒಂಬತ್ತನೆಯ ದಿನ ಅದು. ಹದಿನೈದು ದಿನದ ಮೇಲೆ ಮತ್ತೆ ಅದೇ ನಂಬರು, ಅದೇ ಹೆಸರು, ಅದೇ ಕಲೆ, ರಿನ್ಯೂ. ಮತ್ತೆ ಹದಿನೈದು ದಿನಕ್ಕೆ ರಿನ್ಯೂ. ಏಳೂ ಮುಕ್ಕಾಲು ವರ್ಷ, ಭಾಗ್ಯಾ, ಒಂದು ಸಲವೂ ತಪ್ಪಿಲ್ಲ. ಕಾಕಾ ನಿವೃತ್ತರಾಗಿ ನಿನ್ನ ಮನೆಗೆ ಬರುವ ಹಿಂದಿನ ದಿನ, 28 ಮೇ 2011, ಕೊನೆಯ ನಮೂದು. ಅದರ ಷರಾ ಕಾಲಮಿನಲ್ಲಿ ಸರ್ ಬರೆದಿದ್ದಾರೆ: 'ಊರು ಬಿಡುತ್ತಿದ್ದಾರೆ. ಈ ಪುಸ್ತಕ ಇನ್ನು ಕೇಳಬಾರದು.'

ಅದು ಅವರ ಟ್ರಂಕಿನಲ್ಲಿದೆಯೋ ದಿಂಬಿನ ಕೆಳಗಿದೆಯೋ ನನಗೆ ಗೊತ್ತಿಲ್ಲ. ನೀನು ಹುಡುಕಬೇಡ, ಕೇಳಲೂಬೇಡ, ಹದಿಮೂರಕ್ಕೆ ತರುವಂತೆ ಹೇಳಲೇಬೇಡ. ಅವತ್ತು ಅವರು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ, ಅದನ್ನಷ್ಟು ಮುಟ್ಟಿಸು. ಹಳೇ ಕಾರ್ಡು ನಡಿತೈತ್ರಿ ಕಾಕಾ. ಬಾಳಮ್ಮವ್ವನ ಹೆಸರನ್ನು ಹೊಸ ಕಂಪ್ಯೂಟರಿನಲ್ಲಿ ಸದಸ್ಯರ ಪಟ್ಟಿಗೆ ಸೇರಿಸಿ ಪುಸ್ತಕ ರಿನ್ಯೂ ಮಾಡಿದ್ದೇನೆ. ವಾಪಸು ಕೊಡುವ ತಾರೀಖು ಖಾಲಿ ಬಿಡಲಿಕ್ಕೆ ಅದು ಒಪ್ಪಲಿಲ್ಲ. ಒಪ್ಪುವ ಕಟ್ಟಕಡೆಯ ತಾರೀಖು ಯಾವುದೆಂದು ನೋಡಿ ಅದನ್ನೇ ಹಾಕಿದೆ: 31 ಡಿಸೆಂಬರ್ 2099.